ಶಂಕರಲಿಂಗಪ್ಪನವರು ಬೆಟ್ಟ ಹತ್ತಿದ್ದು, ಊರು ಖಾಲಿಯಾದದ್ದು

ಮಧುಗಿರಿ ಒಂದೇ ದಿನದಲ್ಲಿ ಖಾಲಿಯಾದದ್ದಕ್ಕೆ ನಾನೇ ಕಾರಣ ಎಂದು ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ಅದು ಶುದ್ಧ ಸುಳ್ಳು. ನಾನು ಬರೆದದ್ದು ಒಂದೇ ಒಂದು ವಾಕ್ಯ. ಒಂದು ವಾಕ್ಯಕ್ಕೆ ಹೆದರಿ ಊರಿಗೆ ಊರೇ ಗಂಟುಮೂಟೆ ಕಟ್ಟಿದರೆ ಅದು ವಾಕ್ಯದ ಶಕ್ತಿಯೇ ಹೊರತು ಬರೆದವನ ತಪ್ಪಲ್ಲ. ಮಹಾರಾಜರ ಕಾಲದಲ್ಲಿ ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಕೂತು ಇಪ್ಪತ್ತೆರಡು ವರ್ಷ ಅರ್ಜಿ ಬರೆದವನು ನಾನು. ಅರ್ಜಿ ಪರ್ವತಯ್ಯ ಎಂದರೆ ಕೊರಟಗೆರೆ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಹಸು ಕಳೆದುಕೊಂಡವನಿಗೆ ಹಸು ಸಿಗುತ್ತಿತ್ತೋ ಇಲ್ಲವೋ, ನಾನು ಬರೆದದ್ದನ್ನು ಓದಿ ಹೇಳಿದಾಗ ತನ್ನ ಕಷ್ಟ ಇಷ್ಟು ದೊಡ್ಡದಾಗಿತ್ತೇ ಎಂದು ಅವನಿಗೇ ಅಳು ಬರುತ್ತಿತ್ತು.

ಇರಲಿ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮ ಎದುರು ಮನೆಯ ಶಂಕರಲಿಂಗಪ್ಪನವರು ಕಚೇರಿಯಲ್ಲಿ ಗುಮಾಸ್ತರು. ತುಂಬಾ ಸಾಧು ಮನುಷ್ಯ. ದಾರಿಗೆ ಅಡ್ಡವಾಗಿ ನಾಯಿ ಮಲಗಿದ್ದರೆ ಅದು ಎದ್ದು ಮೈ ಮುರಿಯುವವರೆಗೆ ಕಾದಿದ್ದು ಆಮೇಲೆ ಮುಂದೆ ಹೋಗುವವರು. ಅವರ ವಶದಲ್ಲಿದ್ದದ್ದು ಪ್ಲೇಗಿನ ಕಡತ. ಆ ಕಾಲದಲ್ಲಿ ಪ್ಲೇಗಿನ ಹೆದರಿಕೆ ಎಷ್ಟಿತ್ತೆಂದರೆ, ಯಾರ ಮನೆಯಲ್ಲಾದರೂ ಒಂದು ಇಲಿ ಸತ್ತು ಬಿತ್ತು ಎಂದರೆ ಸಾಕು, ಜನ ಮನೆಗೆ ಬೀಗ ಹಾಕಿ, ಹಾಸಿಗೆ ಪಾತ್ರೆ ಹೊತ್ತುಕೊಂಡು ಹೋಗಿ ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಎಲ್ಲಿ ಎಷ್ಟು ಇಲಿ ಬಿತ್ತೆಂದು ವಾರಕ್ಕೊಮ್ಮೆ ಮೇಲಿನವರಿಗೆ ಬರೆದು ಕಳಿಸುವುದು ಶಂಕರಲಿಂಗಪ್ಪನವರ ಕೆಲಸ. ನಾಲ್ಕು ವರ್ಷದಿಂದ ನಮ್ಮೂರಲ್ಲಿ ಪ್ಲೇಗು ಸುಳಿದಿರಲಿಲ್ಲ. ಹಾಗಾಗಿ ‘ಸತ್ತ ಇಲಿ: ಇಲ್ಲ. ರೋಗಿ: ಇಲ್ಲ’ ಎಂಬ ಎರಡು ಸಾಲು ಬಿಟ್ಟು ಬೇರೆ ಬರೆಯುವುದೇ ಅವರಿಗೆ ಮರೆತುಹೋಗಿತ್ತು.

ಕಚೇರಿಯಲ್ಲಿ ಅಷ್ಟೊಂದು ಇಲ್ಲ ಇಲ್ಲ ಎಂದು ಬರೆದ ಮನುಷ್ಯನಿಗೆ ಮನೆಯಲ್ಲಿ ಇಲ್ಲ ಎನ್ನುವುದಕ್ಕೆ ಬಾಯಿಯೇ ಬರುತ್ತಿರಲಿಲ್ಲ. ಮಗಳು ಕಮಲಾಕ್ಷಿ ಹತ್ತು ವರ್ಷದವಳು. ಮಗ ಮರುಳಸಿದ್ದನಿಗೆ ಐದು. ತುಮಕೂರಿಗೆ ಹೋಗಿ ರೈಲು ನೋಡೋಣ ಎಂದರೆ ಆಗಲಿ. ಮೈಸೂರಿಗೆ ಹೋಗಿ ದಸರಾ ನೋಡೋಣ ಎಂದರೆ ಆಗಲಿ. ಹೊರಡುವ ದಿನ ಬಂದಾಗ ಕಚೇರಿಯಲ್ಲಿ ಏನೋ ಕೆಲಸ, ಇಲ್ಲವೇ ಶಂಕರಲಿಂಗಪ್ಪನವರಿಗೇ ಏನೋ ಅಳುಕು. ಮೊದಮೊದಲು ಕಮಲಾಕ್ಷಿ ಅತ್ತು ರಂಪ ಮಾಡುತ್ತಿದ್ದಳು. ಆಮೇಲೆ ಅಳುವುದನ್ನು ಬಿಟ್ಟಳು. ಅಪ್ಪ ತಲೆ ತಗ್ಗಿಸಿಕೊಂಡು ಬಂದರೆ ತಾನೇ, “ಹೋಗ್ಲಿ ಬಿಡಪ್ಪ, ನಂಗೇನೂ ಬೇಜಾರಿಲ್ಲ” ಎನ್ನುತ್ತಿದ್ದಳು. ಇದನ್ನು ನಾನು ನಮ್ಮ ಜಗಲಿಯ ಮೇಲೆ ಕೂತು ಕಿವಿಯಾರೆ ಕೇಳಿದ್ದೇನೆ. ಹತ್ತು ವರ್ಷದ ಹುಡುಗಿ ತಂದೆಯನ್ನು ಸಮಾಧಾನ ಮಾಡುವುದನ್ನು ಕೇಳಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಹೀಗಿರುವಾಗ ಮುಸಾಫಿರಖಾನೆಗೆ ಒಬ್ಬ ಬಿಳಿ ದೊರೆ ಬಂದು ಇಳಿದ. ಜೊತೆಗೆ ದೊರೆಸಾನಿ, ಎರಡು ಮಕ್ಕಳು. ಮಾರನೆಯ ದಿನ ನಾಲ್ವರೂ ಬೆನ್ನಿಗೆ ಒಂದೊಂದು ಚೀಲ ಕಟ್ಟಿಕೊಂಡು ಬೆಟ್ಟ ಹತ್ತಿಬಿಟ್ಟರು! ರಾತ್ರಿ ಅಲ್ಲೇ ಮಲಗಿದ್ದು, ಮರುದಿನ ಮುಖವೆಲ್ಲ ಕೆಂಪಗೆ ಮಾಡಿಕೊಂಡು, ನಗುನಗುತ್ತಾ ಇಳಿದು ಬಂದರು. ಪೇಟೆಯಲ್ಲಿ ಎರಡು ದಿನ ಇದೇ ಚರ್ಚೆ. ಜವಳಿ ಅಂಗಡಿ ನಾಗಲಿಂಗಯ್ಯ ಅದು ನಿಧಿಗೇ ಎಂದ. ಕೆಲವರು ಅಳತೆಗೆ ಎಂದರು. ಮುಸಾಫಿರಖಾನೆಯ ಅಡುಗೆಯವನು ಮಾತ್ರ, “ಏನೂ ಇಲ್ಲ, ಸುಮ್ನೆ ನೋಡೋಕೆ ಹೋಗಿದ್ರು” ಎಂದ. ಅವನ ಮಾತನ್ನು ಒಬ್ಬರೂ ನಂಬಲಿಲ್ಲ.

ನಂಬಿದವಳು ಕಮಲಾಕ್ಷಿ ಒಬ್ಬಳೇ. ಆ ಸಂಜೆ ಅಪ್ಪನನ್ನು ಕೇಳಿದಳು: “ಅಪ್ಪ, ನೀನು ಹುಟ್ಟಿದ್ದು ಇದೇ ಬೀದೀಲಲ್ವಾ? ಬೆಟ್ಟದ ಮೇಲೆ ಏನಿದೆ?”

ಶಂಕರಲಿಂಗಪ್ಪನವರು ತಲೆ ಎತ್ತಿ ನೋಡಿದರು. ನಮ್ಮೂರಿನ ಬೆಟ್ಟ ಎಂದರೆ ಒಂದೇ ಬಂಡೆ. ಯಾವ ಬೀದಿಯಲ್ಲಿ ನಿಂತರೂ ಅದು ಬಂದು ಎದುರಿಗೆ ನಿಂತಿರುತ್ತದೆ. ಅದರ ನೆರಳಿನಲ್ಲೇ ಹುಟ್ಟಿ, ಅದರ ನೆರಳಿನಲ್ಲೇ ಮದುವೆಯಾಗಿ, ನಲವತ್ತೆರಡು ವರ್ಷ ಕಳೆದ ಮೇಲೆ ಅವರಿಗೆ ಮೊದಲ ಸಲ ಅನ್ನಿಸಿತಂತೆ, ಅಯ್ಯೋ, ಅಲ್ಲಿ ಏನಿದೆ ಎಂದು ನನಗೂ ಗೊತ್ತಿಲ್ಲವಲ್ಲ ಎಂದು.

“ಗೊತ್ತಿಲ್ಲಮ್ಮ. ಹೋಗಿ ನೋಡೋಣ. ಬರೋ ಸೋಮವಾರ” ಎಂದರು.

“ಆಗ್ಲಿ ಬಿಡಪ್ಪ” ಎಂದು ಅವಳು ಒಳಗೆ ಹೋದಳು. ಯಾವ ಸೋಮವಾರ ಎಂದೂ ಕೇಳಲಿಲ್ಲ. ಆ ಮಾತು ಅವರ ಎದೆಗೆ ನಾಟಿತು. ಈ ಒಂದು ಸಲ ತಪ್ಪಿದರೆ ಇನ್ನು ಜನ್ಮದಲ್ಲಿ ಮಗಳು ತನ್ನ ಮಾತು ನಂಬುವುದಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಂಡರು.

ಮರುದಿನ ಹೊಂಗೆಮರದ ಕೆಳಗೆ ಬಂದು, “ಪರ್ವತಯ್ಯನೋರೆ, ಎರಡು ದಿನ ರಜಕ್ಕೆ ಒಂದು ಅರ್ಜಿ ಬರ್ಕೊಡಿ” ಎಂದರು.

“ಕಾರಣ ಏನು ಅಂತ ಬರೀಲಿ?”

ಅವರು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ, “ಬೆಟ್ಟ ನೋಡೋಕೆ” ಎಂದರು.

ನಾನು ಲೇಖನಿ ಕೆಳಗಿಟ್ಟೆ. “ಶಂಕರಲಿಂಗಪ್ಪನೋರೆ, ರಜಕ್ಕೆ ಮೂರೇ ಕಾರಣ. ಸಾವು, ಮದುವೆ, ಕಾಯಿಲೆ. ಕಿಟಕೀಲಿ ಕಾಣೋ ಬೆಟ್ಟ ನೋಡೋಕೆ ರಜ ಕೇಳಿದ್ರೆ ಅಮಲ್ದಾರ್ರು ನಿಮಗೆ ತಲೆ ಕೆಟ್ಟಿದೆ ಅಂತಾರೆ. ಬುಡಿ, ನಾನು ನೋಡ್ಕೋತೀನಿ.”

ನಿಜವಾದ ಕಾರಣವನ್ನು ಅರ್ಜಿಯಲ್ಲಿ ಬತ್ತಲೆ ನಿಲ್ಲಿಸಬಾರದು ಎಂಬುದು ನನ್ನ ವೃತ್ತಿಯ ಮೊದಲ ನಿಯಮ. ಬರೆದೆ: ‘ಕೆಲವು ಅನಿವಾರ್ಯ ಸಂದರ್ಭಗಳಿಂದಾಗಿ, ಹೆಂಡತಿ ಮಕ್ಕಳ ಕ್ಷೇಮವನ್ನು ಮನಸ್ಸಿನಲ್ಲಿಟ್ಟುಕೊಂಡು, ಊರನ್ನು ಬಿಟ್ಟು, ಎತ್ತರವಾದ ಮತ್ತು ಗಾಳಿ ಶುದ್ಧವಾಗಿರುವ ಸ್ಥಳದಲ್ಲಿ ವಾಸ ಮಾಡಬೇಕಾಗಿ ಬಂದಿರುವುದರಿಂದ, ಎರಡು ದಿನಗಳ ರಜವನ್ನು ದಯಪಾಲಿಸಬೇಕಾಗಿ ಬೇಡುತ್ತೇನೆ.’ ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸಿ ನೋಡೋಣ. ಒಂದಕ್ಷರವೂ ಸುಳ್ಳಿಲ್ಲ.

ಅಮಲ್ದಾರ್ ಜಯರಾಮಯ್ಯನವರು ಕೆಲಸದ ಗಡಿಬಿಡಿಯಲ್ಲಿ ಕೊನೆಯ ಸಾಲು ಮಾತ್ರ ನೋಡಿ ರುಜು ಹಾಕಿದರು. ಪೂರ್ತಿ ಓದಿದವನು ಜವಾನ ಮೂಡಲಗಿರಿಯಪ್ಪ. ಅವನಿಗೆ ಓದು ಅಷ್ಟಕ್ಕಷ್ಟೆ. ಆದ್ದರಿಂದಲೇ ಒಂದೊಂದು ಅಕ್ಷರವನ್ನೂ ಬೆರಳಿಟ್ಟು, ಯೋಚನೆ ಮಾಡಿ ಓದುತ್ತಿದ್ದ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಎದುರು ಮನೆಯ ಬಾಗಿಲು ತೆರೆಯಿತು. ಮೊದಲು ಹಾಸಿಗೆ ಸುರುಳಿ ಹೊರಗೆ ಬರಲು ನೋಡಿ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಆಮೇಲೆ ಓರೆಯಾಗಿ ಬಂದದ್ದು ನೋಡಿದರೆ, ಅದನ್ನು ಹಗ್ಗದಲ್ಲಿ ಬೆನ್ನಿಗೆ ಬಿಗಿದುಕೊಂಡ ಶಂಕರಲಿಂಗಪ್ಪನವರು. ದೊರೆಯ ಹಾಗೆಯೇ ಕಟ್ಟಬೇಕೆಂದು ಅವರ ಹಟ. ಹಿಂದೆ ದಾಕ್ಷಾಯಣಮ್ಮನವರು. ಗಂಡನ ಮಾತನ್ನು ಅವರೂ ನಂಬಿರಲಿಲ್ಲ. ರಜದ ಕಾಗದದ ಮೇಲೆ ರುಜು ನೋಡಿದ ಮೇಲೆ ಒಂದೇ ಸಮನೆ ಗಂಟು ಕಟ್ಟಲು ಶುರುಮಾಡಿದ್ದರು. ರೊಟ್ಟಿ, ಚಟ್ನಿಪುಡಿ, ಪಾತ್ರೆ, ಕಂಬಳಿ, ಲಾಟೀನು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆತನವಾದ್ದರಿಂದ ಪೂಜೆಯ ಬುಟ್ಟಿ. ಮಕ್ಕಳ ಬೆನ್ನಿಗೂ ಒಂದೊಂದು ಗಂಟು.

ಪಕ್ಕದ ಮನೆಯ ಸಿದ್ದಗಂಗಮ್ಮ ಅಂಗಳ ಗುಡಿಸುತ್ತಿದ್ದರು. ಎಪ್ಪತ್ತರ ಹತ್ತಿರದ ಮುದುಕಿ, ಬೀದಿಗೆಲ್ಲ ಹಿರಿಯರು. ಈಗ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ಸಿದ್ದಗಂಗಮ್ಮ ಪ್ರಾಣ ಹೋದರೂ ಆ ತಪ್ಪು ಮಾಡುವವರಲ್ಲ. ಎಲ್ಲಿಗೆ ಎನ್ನುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದರು.

“ಹೊಂಟ್ರಾ ಶಂಕರಲಿಂಗಪ್ಪ?”

“ಹೂಂ ಕಣಮ್ಮ.”

“ಮಕ್ಕಳ್ನೂ ಕರ್ಕಂಡೇ?”

“ಮಕ್ಕಳಿಗೋಸ್ಕರಾನೇ ಹೊರಟಿರೋದು.”

“ಹಾಸಿಗೆ?”

“ಅಲ್ಲೇ ಮಲಗಬೇಕಲ್ಲಮ್ಮ.”

“ಪಾತ್ರೆ ಪಗಡ?”

“ಅಲ್ಲೇ ಉಣ್ಣಬೇಕಲ್ಲ.”

ಪೊರಕೆ ನಿಂತಿತು. “ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ಮನೇಲಿ ಎಲ್ರೂ ಹುಷಾರಾಗಿದೀರಾ?”

“ಇನ್ನೂವರೆಗೂ ಏನಿಲ್ಲಮ್ಮ” ಎಂದರು ಶಂಕರಲಿಂಗಪ್ಪನವರು, ಹಗ್ಗ ಸರಿಮಾಡಿಕೊಳ್ಳುತ್ತಾ. ಬೆಟ್ಟಕ್ಕೆ ಎಂದರೆ ಬೀದಿಯೆಲ್ಲ ನಗುತ್ತದೆಂದು ನಾಚಿಕೆ. ಎರಡು ಹೆಜ್ಜೆ ಹೋದವರು ತಿರುಗಿ ಬಂದು, “ಯಾರಿಗೂ ಹೇಳ್ಬೇಡಿ” ಎಂದು ಪಿಸುಗುಟ್ಟಿ ಹೋದರು.

ನಾನು ಎದ್ದದ್ದು ಸಿದ್ದಗಂಗಮ್ಮ ಬಾಗಿಲು ಬಡಿದ ಸದ್ದಿಗೆ.

“ಪರ್ವತಯ್ಯಾ, ಏಳಪ್ಪ! ಊರಲ್ಲಿ ಇಲಿ ಬಿದ್ದೈತೆ!”

“ಯಾರಂದ್ರು?”

“ಯಾರೂ ಅನ್ನಲಿಲ್ಲ, ಅದೇ ಹೆದರಿಕೆ! ಇಲಿ ಕಡತ ಇಟ್ಕಂಡಿರೋನು ಹೆಂಡ್ರು ಮಕ್ಕಳ್ನ ಕಟ್ಕಂಡು ಹೊತ್ತು ಮೂಡೋಕೆ ಮುಂಚೆ ಊರು ಬುಟ್ಟವ್ನೆ. ಯಾರಿಗೂ ಹೇಳ್ಬೇಡಿ ಅಂದವ್ನೆ!”

ಅಷ್ಟರಲ್ಲಿ ಮೂಡಲಗಿರಿಯಪ್ಪ ಓಡಿ ಬಂದ. “ದಿಟ ಕಣಮ್ಮ! ಅರ್ಜೀಲೇ ಬರೆದವ್ರೆ. ಹೆಂಡತಿ ಮಕ್ಕಳ ಕ್ಷೇಮ, ಊರನ್ನು ಬಿಟ್ಟು, ಗಾಳಿ ಶುದ್ಧವಾಗಿರೋ ಸ್ಥಳ! ಅಮಲ್ದಾರ್ರು ಓದಿ ರುಜೂನೂ ಹಾಕವ್ರೆ!”

ಆ ಮಾತು ನನ್ನದೇ. ಆದರೂ ಬೇರೆಯವನ ಬಾಯಲ್ಲಿ ಕೇಳಿದಾಗ ನನಗೆ ಮೈ ಜುಂ ಎಂದಿತು. ಬೆಟ್ಟ ನೋಡಲು ಎಂದರಲ್ಲ ಶಂಕರಲಿಂಗಪ್ಪ? ಬೆಟ್ಟ ನೋಡಲು ಯಾರಾದರೂ ಬೆಟ್ಟಕ್ಕೆ ಹೋಗುತ್ತಾರೆಯೇ? ನನ್ನಿಂದಲೇ ನಿಜ ಮುಚ್ಚಿಟ್ಟಿದ್ದಾರೆ. ಸುಳ್ಳು ಬರೆಯಲು ಕೂತವನ ಕೈಯಲ್ಲಿ ಆ ಶಿವನೇ ನಿಜವನ್ನು ಬರೆಸಿಬಿಟ್ಟಿದ್ದಾನೆ! ಹೀಗೆ ನಾನು ತರ್ಕ ಮಾಡಿದೆ. ನನ್ನ ಜಾಗದಲ್ಲಿ ಯಾವ ಬುದ್ಧಿವಂತನಿದ್ದರೂ ಹೀಗೇ ಮಾಡುತ್ತಿದ್ದ.

ಹೊತ್ತು ಮಾರುದ್ದ ಏರುವಷ್ಟರಲ್ಲಿ ಸುದ್ದಿ ಬೀದಿಬೀದಿ ಸುತ್ತಿತು. ನಾಗಲಿಂಗಯ್ಯ ಅಂಗಡಿ ಬಾಗಿಲು ಹಾಕಿಕೊಂಡು ಬಂದ. “ನನ್ನ ಅಂಗಡೀಲೂ ಇಲಿ ಕಂಡೆ ಕಣ್ರೀ.”

“ಸತ್ತಿತ್ತಾ?”

“ಬದುಕಿತ್ತು. ಆದ್ರೆ ಅದರ ನಡಿಗೆ ಯಾಕೋ ನಂಗೆ ಸರಿ ಕಾಣಲಿಲ್ಲ.”

ಆ ಇಲಿಯ ನಡಿಗೆಯೇ ಸಾಕಾಯಿತು. ಬೀಗದ ಸದ್ದು, ಮಕ್ಕಳ ಅಳು, ಗಾಡಿಯ ಮೇಲೆ ಬೀಸುವಕಲ್ಲು. ಮೂರು ಬೀದಿ ಖಾಲಿಯಾಗಿ ಬೆಟ್ಟದ ಬುಡದಲ್ಲಿ ಚಾಪೆ ಹಾಸಿತು. ಅಮಲ್ದಾರರು ಇನ್ನೂ ಊರಲ್ಲೇ ಇದ್ದಾರೆಂಬ ಧೈರ್ಯದ ಮೇಲೆ ಮಿಕ್ಕ ಬೀದಿಗಳು ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತಿದ್ದವು. ಎಷ್ಟು ಇಲಿ, ಯಾವ ಬೀದಿ ಎಂದು, ಬುಡದಿಂದ ಕಾಣುವಂತೆ ಬೆಟ್ಟ ಹತ್ತುತ್ತಿದ್ದ ಶಂಕರಲಿಂಗಪ್ಪನವರ ಬಾಯಿಂದಲೇ ತಿಳಿದು ಬರಲು ಎಲ್ಲರೂ ಸೇರಿ ನನ್ನನ್ನು ಮೇಲಕ್ಕೆ ಕಳಿಸಿದರು. ನಾನು ಹೆದರಿ ಓಡಿದೆ ಎನ್ನುವುದೂ ಸುಳ್ಳು.

ಬೆಟ್ಟದ ಹಳೆಯ ಕೋಟೆಯ ಮೊದಲ ಬಾಗಿಲು ದಾಟಿ ಮೆಟ್ಟಿಲು ಹತ್ತಿದೆ. ಮೆಟ್ಟಿಲು ಮುಗಿದ ಕಡೆ ಬರೀ ಬಂಡೆ, ಅದರಲ್ಲಿ ಕಾಲಿಡುವಷ್ಟು ಕಡಿದ ಗುಳಿಗಳು. ಉಸಿರು ತೆಗೆದುಕೊಳ್ಳಲು ನಿಂತು ಬಂಡೆಗೆ ಅಂಗೈ ಊರಿದೆ. ರಾತ್ರಿಯ ತಂಪು ಇನ್ನೂ ಬಿಟ್ಟಿರಲಿಲ್ಲ. ಕೆಳಗಿನಿಂದ ದಿನಾ ನೋಡುವ ಬೆಟ್ಟ ಬೇರೆ, ಅಂಗೈ ಕೆಳಗೆ ಸಿಕ್ಕ ಈ ಬೆಟ್ಟವೇ ಬೇರೆ. ಎಡಕ್ಕೂ ಬಂಡೆ, ಬಲಕ್ಕೂ ಬಂಡೆ, ಕತ್ತು ನೋಯುವವರೆಗೆ ಮೇಲಕ್ಕೂ ಬಂಡೆ. ಎತ್ತರದಲ್ಲಿ ಬಂಡೆಯ ಅಂಚಿನಡಿ ಹೆಜ್ಜೇನು ಸಾಲುಸಾಲಾಗಿ ಜೋತುಬಿದ್ದು ಗುಂಯ್ ಎನ್ನುತ್ತಿದ್ದವು. ಇಷ್ಟು ದೊಡ್ಡದರ ಪಕ್ಕದಲ್ಲಿ ಮರ, ಕುರ್ಚಿ, ಕಚೇರಿ ಎಂದು ಇಷ್ಟು ವರ್ಷ ಏನು ಮಾಡುತ್ತಿದ್ದೆ ನಾನು ಎಂದು ಒಂದು ಗಳಿಗೆ ನಾಚಿಕೆಯಾಯಿತು.

ಮೂರನೆಯ ಬಾಗಿಲಿನ ಹತ್ತಿರದ ಸಮತಟ್ಟಿನಲ್ಲಿ ಶಂಕರಲಿಂಗಪ್ಪನವರ ಸಂಸಾರ ದಣಿವಾರಿಸಿಕೊಳ್ಳುತ್ತಿತ್ತು. ಪಕ್ಕದಲ್ಲಿ ಆಡು ಮೇಯಿಸುವ ಕ್ಯಾತಣ್ಣ ಕೋಲೂರಿಕೊಂಡು ನಿಂತು, ಹಾಸಿಗೆ ಸುರುಳಿಯನ್ನೂ ದಾಕ್ಷಾಯಣಮ್ಮನವರನ್ನೂ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದ.

“ಸಾಮಿ, ನಿಮ್ದೂ ಆಡೇನಾರ ತಪ್ಪಿಸ್ಕಂಡೈತಾ?” ಎಂದು ನನ್ನನ್ನು ಕೇಳಿದ. “ಇವ್ರನ್ನ ಕೇಳಿದ್ರೆ ಇಲ್ಲ ಅಂತಾರೆ. ಆಡು ಕಳೀದೆ ಬೆಟ್ಟ ಯಾಕೆ ಹತ್ತಾರೆ ಅಂತಾನೇ ತಿಳೀವಲ್ದು.”

ನಾನು ಶಂಕರಲಿಂಗಪ್ಪನವರ ಕೈ ಹಿಡಿದೆ. “ನಿಜ ಹೇಳ್ಬುಡಿ. ಎಷ್ಟು ಬಿದ್ದಿವೆ?”

“ಏನು ಬಿದ್ದಿವೆ?”

“ಇಲಿ!”

“ಯಾವ ಇಲಿ?”

ನಾನು ಕೆಳಗೆ ತೋರಿಸಿದೆ. ಬೆಟ್ಟದ ಬುಡದಲ್ಲಿ ಮುನ್ನೂರು ಜನ, ಗಾಡಿ, ಚಾಪೆ, ಒಲೆಯ ಹೊಗೆ. ಶಂಕರಲಿಂಗಪ್ಪನವರ ಮುಖ ಅರಳಿತು. “ನೋಡಿದ್ರಾ ಪರ್ವತಯ್ಯನೋರೆ! ಎಲ್ಲರಿಗೂ ಆಸೆ ಇತ್ತು. ಯಾರಾದ್ರೂ ಒಬ್ರು ಮೊದಲು ಹೊರಡಬೇಕಿತ್ತು, ಅಷ್ಟೆ!”

ಆಗ ನನಗೆ ಎಲ್ಲವೂ ತಿಳಿಯಿತು. ನನ್ನ ವಾಕ್ಯ ಏನು ಮಾಡಿದೆ ಎಂಬುದನ್ನು ತಡವರಿಸುತ್ತಾ ಹೇಳಿ ಮುಗಿಸುವುದಕ್ಕೂ ಮೂಡಲಗಿರಿಯಪ್ಪ ಏದುಸಿರು ಬಿಡುತ್ತಾ ಹತ್ತಿ ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಅಮಲ್ದಾರರ ಹುಕುಂ. ಸುಳ್ಳು ಸುದ್ದಿ ಹುಟ್ಟಿಸಿ ಪ್ರಜೆಗಳನ್ನು ಗಾಬರಿಗೊಳಿಸಿದ್ದಕ್ಕೆ ಈ ಕೂಡಲೇ ಇಳಿದು ಬಂದು ಸಮಜಾಯಿಷಿ ಕೊಡತಕ್ಕದ್ದು, ತಪ್ಪಿದಲ್ಲಿ ಕೆಲಸದಿಂದ ವಜಾ. ಅಮಲ್ದಾರರು ಖುದ್ದಾಗಿ ಮೊದಲ ಬಾಗಿಲಿನಲ್ಲಿ ಬಂದು ನಿಂತಿದ್ದರು.

“ಇಳಿದುಬುಡಿ ಶಂಕರಲಿಂಗಪ್ಪನೋರೆ, ನಾನು ಒಳ್ಳೇ ಸಮಜಾಯಿಷಿ ಬರ್ಕೊಡ್ತೀನಿ” ಎಂದೆ. ಅವರು ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

ದಾಕ್ಷಾಯಣಮ್ಮನವರ ಮುಖ ಬಿಳಿಚಿಕೊಂಡಿತು. ಕೆಲಸ ಹೋದರೆ ಮನೆ ನಡೆಯುವುದು ಹೇಗೆ? ಶಂಕರಲಿಂಗಪ್ಪನವರು ಹುಕುಮನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಂತರ ಮಗಳ ಕಡೆ ತಿರುಗಿದರು.

ಕಮಲಾಕ್ಷಿ ಆಗಲೇ ಎದ್ದು ತನ್ನ ಗಂಟನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಮುಖ ಊರಿನ ಕಡೆಗೆ. ತಮ್ಮನ ಕೈ ಹಿಡಿದುಕೊಂಡು, “ಬಾರೋ ಮರುಳ, ಇಳಿಯೋಣ. ಇಷ್ಟು ಹತ್ತಿದ್ವಲ್ಲ, ಸಾಕು” ಎನ್ನುತ್ತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಅಳುತ್ತಲೂ ಇರಲಿಲ್ಲ. ಅತ್ತಿದ್ದರೆ ಶಂಕರಲಿಂಗಪ್ಪನವರು ಇಳಿದುಬಿಡುತ್ತಿದ್ದರೇನೋ.

ಅವರು ಎದ್ದು ನಿಂತರು. ಹುಕುಮನ್ನು ಜೇಬಿಗೆ ಹಾಕಿಕೊಂಡರು. “ಮೂಡಲಗಿರಿಯಪ್ಪ, ಅಮಲ್ದಾರ್ರಿಗೆ ಹೇಳಪ್ಪ. ಇಳೀತೀನಿ. ಹತ್ತಿದ ಮೇಲೆ ಇಳೀತೀನಿ. ಕಮಲಾ, ಈ ಕಡೆ ತಿರುಗಮ್ಮ. ದಾರಿ ಮೇಲಕ್ಕಿದೆ.”

ಇಂಥ ಉತ್ತರವನ್ನು ಹೊತ್ತುಕೊಂಡು ಅಮಲ್ದಾರರ ಮುಂದೆ ಹೋಗಿ ನಿಲ್ಲುವ ಗಂಡಸು ಯಾರು? ಮೂಡಲಗಿರಿಯಪ್ಪ ಸ್ವಲ್ಪ ಹೊತ್ತು ಕೆಳಗೆ ನೋಡಿದ, ಮೇಲೆ ನೋಡಿದ. ಆಮೇಲೆ ಪೂಜೆಯ ಬುಟ್ಟಿ ಎತ್ತಿಕೊಂಡು ನಮ್ಮ ಹಿಂದೆಯೇ ಹತ್ತತೊಡಗಿದ. ಕೆಳಗೆ ನಿಂತ ಅಮಲ್ದಾರರಿಗೆ ಇದು ಕಾಣಿಸಿತು. ಗುಮಾಸ್ತನನ್ನು ಹಿಡಿದು ತರಲು ಕಳಿಸಿದ ಜವಾನನೇ ಪರಾರಿ! ಬೂಟಿನ ದಾರ ಬಿಗಿದುಕೊಂಡು ಅವರೇ ಹೊರಟರು.

ಕೊನೆಯ ಏರು ಬಲು ಕಡಿದು. ಹಾಸಿಗೆಯನ್ನು ಅಲ್ಲೇ ಬಿಟ್ಟೆವು. ಕ್ಯಾತಣ್ಣ ಮರುಳಸಿದ್ದನನ್ನು ಹೆಗಲಿಗೆ ಏರಿಸಿಕೊಂಡು ಮುಂದೆ ನಡೆದ. ದಾಕ್ಷಾಯಣಮ್ಮನವರು ಸೀರೆ ಎತ್ತಿ ಕಟ್ಟಿ, “ನೀವು ನನ್ನ ನೋಡಬೇಡಿ, ಬಂಡೆ ನೋಡ್ಕಂಡ್ ಬನ್ನಿ” ಎಂದು ನಮಗೆಲ್ಲ ಅಪ್ಪಣೆ ಕೊಟ್ಟು ಹತ್ತಿದರು. ನಾನು ಹತ್ತಿದೆ ಎನ್ನುವುದಕ್ಕಿಂತ ತೆವಳಿದೆ ಎನ್ನುವುದು ಸರಿ. ಗಾಳಿ ಪಂಚೆಯನ್ನು ಬಿಚ್ಚಿ ಒಯ್ಯುವ ಹಾಗೆ ಬೀಸುತ್ತಿತ್ತು. ಒಂದು ಗಳಿಗೆಯಲ್ಲಿ ಮುಂದೆ ಬಂಡೆಯೇ ಇಲ್ಲವಾಯಿತು. ಆಕಾಶ ಇತ್ತು.

ಅಲ್ಲಿ ಏನು ಕಂಡೆವು ಎಂದು ಹೇಳಲು ನಾನು ಎಷ್ಟೋ ಸಲ ಕೂತಿದ್ದೇನೆ. ಸತ್ತ ಹಸುವಿನ ಮೇಲೆ ಎರಡು ಪುಟ ಬರೆಯಬಲ್ಲವನು ನಾನು, ಇದಕ್ಕೆ ಎರಡು ಸಾಲು ಹೊಂದಿಸಲಾರೆ. ಭೂಮಿ ಇಷ್ಟು ದೊಡ್ಡದು ಎಂದು ನನಗೆ ಯಾರೂ ಹೇಳಿರಲಿಲ್ಲ. ದಕ್ಷಿಣಕ್ಕೆ ಕೊರಟಗೆರೆಯ ತೋಟಗಳು, ಅದರಾಚೆ ದೇವರಾಯನದುರ್ಗ. ಬಯಲಿನ ನಡುವೆ ಜಯಮಂಗಲಿ ಹೊಳೆಯ ಮರಳು ಬಿಳಿಯ ದಾರವಾಗಿ ಹರಿದಿತ್ತು. ಪಡುವಲಿಗೆ ಸಿರಾದ ಕಡೆ ಬಯಲೋ ಬಯಲು. ಬಡಗಲಿಗೆ ಮಿಡಿಗೇಶಿಯ ಬೆಟ್ಟ, ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ಎಲ್ಲದರ ಹಿಂದೆ ನೀಲಿಯಾಗಿ ಪಾವಗಡದ್ದು. ಮಾರ್ಗಶಿರದ ಬಿಸಿಲಿಗೆ ಕೆರೆಗಳೆಲ್ಲ ಒಟ್ಟಿಗೆ ಹೊಳೆಯುತ್ತಿದ್ದವು. ನಮ್ಮ ಕಾಲ ಕೆಳಗೆ ಹದ್ದು ಹಾರುತ್ತಿತ್ತು. ಹದ್ದಿನ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು.

ದಾಕ್ಷಾಯಣಮ್ಮನವರು, “ಇಷ್ಟೆಲ್ಲಾ ಇತ್ತಾ!” ಎಂದು ಕೂತುಬಿಟ್ಟರು. ಮೂಡಲಗಿರಿಯಪ್ಪ ಬುಟ್ಟಿ ಇಳಿಸಿ ಕೈ ಮುಗಿದವನು, ಯಾವ ದಿಕ್ಕಿಗೆ ಮುಗಿಯಬೇಕೆಂದು ತಿಳಿಯದೆ ಸುತ್ತ ಒಂದು ಸುತ್ತು ತಿರುಗಿದ. ಕಮಲಾಕ್ಷಿ ಅಪ್ಪನ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಶಂಕರಲಿಂಗಪ್ಪನವರು ಅಳುತ್ತಿದ್ದರು. ಗಾಳಿಗೆ ಕಣ್ಣಲ್ಲಿ ನೀರು ಬಂತು ಎಂದರು. ಗಾಳಿ ಅವರ ಬೆನ್ನ ಕಡೆಯಿಂದ ಬೀಸುತ್ತಿತ್ತು.

ಅಷ್ಟರಲ್ಲಿ ಬಂಡೆಯ ಅಂಚಿನಲ್ಲಿ ಒಂದು ಬೂಟು ಕಾಣಿಸಿಕೊಂಡಿತು, ಅದನ್ನು ಹಿಡಿದ ಕೈ ಕಾಣಿಸಿಕೊಂಡಿತು, ಆಮೇಲೆ ಅಮಲ್ದಾರ್ ಜಯರಾಮಯ್ಯನವರು. ಪೇಟ ಎಲ್ಲೋ ಬಿದ್ದುಹೋಗಿತ್ತು. ಮುಖ ಕೆಂಡವಾಗಿತ್ತು. ನೆಟ್ಟಗೆ ನಿಂತು, ಬೆರಳೆತ್ತಿ, “ಏನಯ್ಯಾ ಶಂಕರಲಿಂಗ—” ಎಂದವರ ಕಣ್ಣು ಅವರ ಬೆರಳಿನಾಚೆ ಹೋಯಿತು. ಬೆರಳು ಹಾಗೇ ನಿಂತಿತು. ಅವರು ನಿಧಾನವಾಗಿ ಒಂದು ಕಡೆ ತಿರುಗಿದರು. ಇನ್ನೊಂದು ಕಡೆ ತಿರುಗಿದರು. ಎಷ್ಟು ಹೊತ್ತು ಎಂದು ಹೇಳಲಾರೆ.

“ಇದೆಲ್ಲ ನಮ್ಮ ತಾಲ್ಲೂಕೇನಯ್ಯ?” ಎಂದರು ಕೊನೆಗೆ. ಅದು ಅಧಿಕಾರಿಯ ದನಿಯಾಗಿರಲಿಲ್ಲ.

“ಹೌದು ಸ್ವಾಮಿ. ಆ ನೀಲಿ ಬೆಟ್ಟದ ಕಡೆಯದು ಪಾವಗಡ, ಪಡುವಲ ಬಯಲಿನ ಕೊನೆ ಸಿರಾ.”

“ಮೂರು ವರ್ಷದಿಂದ ಈ ಕೆರೆಗಳ ಕಾಗದಕ್ಕೆಲ್ಲ ರುಜು ಹಾಕಿದೀನಲ್ಲಯ್ಯ. ಇವು ಹಿಂಗೆ ಹೊಳೆಯುತ್ತವೆ ಅಂತ ಒಂದು ಕಾಗದದಲ್ಲೂ ಇರಲಿಲ್ಲ.” ಬೂಟನ್ನು ಪಕ್ಕಕ್ಕಿಟ್ಟು ಬಂಡೆಯ ಮೇಲೆ ಕೂತರು. ದಾಕ್ಷಾಯಣಮ್ಮನವರು ಎಲೆಯ ಮೇಲೆ ರೊಟ್ಟಿ ಇಟ್ಟುಕೊಟ್ಟರೆ ಏನೆಂದು ನೋಡದೆ ತಿಂದರು. ವಜಾದ ಮಾತು ಯಾರೂ ಎತ್ತಲಿಲ್ಲ.

ಮೊದಲು ಊರನ್ನು ನೋಡಿದವಳು ಕಮಲಾಕ್ಷಿ. “ಅಪ್ಪ, ಅಲ್ಲಿ ನೋಡು. ಬೀದಿ ಓಡಾಡ್ತಿದೆ.”

ಅಂಗೈಯಗಲದ ಊರು. ಅದರ ಗೆರೆಗೆರೆಯಿಂದ ಜನ ಹೊರಗೆ ಬರುತ್ತಿದ್ದರು. ಮಿಕ್ಕಿದ್ದ ಬೀದಿಗಳೆಲ್ಲ ಖಾಲಿಯಾಗುತ್ತಿದ್ದವು. ಬುಡದಲ್ಲಿ ಚಾಪೆ ಹಾಕಿದ್ದವರು ಚಾಪೆ ಸುತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ಕ್ಯಾತಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ಬುದ್ಧಿ, ತಾವೂ ಊರು ಬುಟ್ಟು ಬೆಟ್ಟ ಹತ್ತಿದ್ರಲ್ಲ, ಇನ್ನು ನಮ್ಮ ಗತಿ ಏನು ಅಂತ ಎಲ್ಲಾ ಹೊಂಟ್ಬುಟ್ಟವ್ರೆ!”

ಅಮಲ್ದಾರರು ದಡಬಡಿಸಿ ಎದ್ದರು. “ಇಳೀಬೇಕು! ಈಗಿಂದೀಗ್ಲೇ ಇಳಿದು ಏನೂ ಇಲ್ಲ ಅಂತ ಹೇಳಬೇಕು!” ಎಂದು ಅಂಚಿಗೆ ಹೋಗಿ ಕೆಳಗೆ ನೋಡಿದರು. ನೋಡಿದವರು ಹಾಗೇ ಕೂತರು. ಹತ್ತುವಾಗ ಕಣ್ಣ ಮುಂದೆ ಸಿಟ್ಟಿತ್ತು, ಇಳಿಯುವಾಗ ಬರೀ ಪಾತಾಳ. “ಶಂಕರಲಿಂಗಪ್ಪ,” ಎಂದರು ಸಣ್ಣ ದನಿಯಲ್ಲಿ, “ಒಂದು ಕೈ ಕೊಡಯ್ಯ.”

ನಾಯಿಗೆ ದಾರಿ ಬಿಡುತ್ತಿದ್ದ ಮನುಷ್ಯ ಮುಂದೆ ಬಂದು ಅಮಲ್ದಾರರ ಕೈಯನ್ನು ಭದ್ರವಾಗಿ ಹಿಡಿದರು. ಅಷ್ಟು ಎತ್ತರದಲ್ಲಿ ಕೈ ಹಿಡಿದವನನ್ನು ಕೆಲಸದಿಂದ ತೆಗೆಯುವ ಅಧಿಕಾರಿ ಇನ್ನೂ ಹುಟ್ಟಿಲ್ಲ. ದಾಕ್ಷಾಯಣಮ್ಮನವರು ಮರುಳಸಿದ್ದನೊಂದಿಗೆ ಮೇಲೆಯೇ ಉಳಿದರು. ಎರಡು ದಿನ ಎಂದು ಬಂದವರು ಎರಡು ದಿನ ಇದ್ದೇ ಹೋಗುವವರು. ಕಮಲಾಕ್ಷಿ ಕರೆಯದೆಯೇ ಅಪ್ಪನ ಮುಂದೆ ಇಳಿಯತೊಡಗಿದಳು. ಅಮಲ್ದಾರರು ಕೂತುಕೊಂಡೇ ಗುಳಿಯಿಂದ ಗುಳಿಗೆ ಜಾರುತ್ತಾ ಬಂದರು. ನಾನು ಹಿಂದೆ.

ಮೂರನೆಯ ಬಾಗಿಲಿನ ಸಮತಟ್ಟಿನಲ್ಲಿ ಊರು ಎದುರಾಯಿತು. ಎಲ್ಲರ ಮುಂದೆ ಕೋಲೂರಿಕೊಂಡು ಸಿದ್ದಗಂಗಮ್ಮ.

“ನಿಜ ಹೇಳ್ಬುಡಿ ಬುದ್ಧಿ. ಎಷ್ಟು ಇಲಿ ಬಿದ್ದವೆ?”

“ಒಂದೂ ಬಿದ್ದಿಲ್ಲಮ್ಮ. ಪ್ಲೇಗೂ ಇಲ್ಲ, ಏನೂ ಇಲ್ಲ.”

“ಮತ್ತೆ ತಾವ್ಯಾಕೆ ಮೇಲಕ್ಕೆ ಹೋಗಿದ್ರಿ?”

ಅಮಲ್ದಾರರು ಬಾಯಿ ತೆರೆದರು. ಗುಮಾಸ್ತನನ್ನು ವಜಾ ಮಾಡಲು ಎಂದು ಹೇಳಬೇಕಿತ್ತು. “ನೋಡೋಕಮ್ಮ” ಎಂದರು.

“ಏನ್ನ?”

ಅವರು ಹಿಂದಕ್ಕೆ ತಿರುಗಿ ಮೇಲೆ ನೋಡಿದರು. “ಅದನ್ನ ನಾನು ಹೇಳಿದ್ರೆ ತಿಳಿಯಲ್ಲ.” ಆಮೇಲೆ ಮಡಕೆ, ಕಂಬಳಿ, ಕೂಸುಗಳನ್ನು ಹೊತ್ತು ನಿಂತ ಜನವನ್ನೆಲ್ಲ ಒಂದು ಸಲ ಕಣ್ತುಂಬ ನೋಡಿ ದನಿ ಏರಿಸಿದರು. “ಕೇಳಿ ಎಲ್ಲರೂ! ಊರಿಗೆ ಏನೂ ಆಗಿಲ್ಲ. ಆದ್ರೆ ಇಷ್ಟು ದೂರ ಹತ್ತಿ ಬಂದಿದೀರಿ. ಮೇಲೆ ಹೋಗಿ ನೋಡ್ಕೊಂಡೇ ಇಳೀಬೇಕು. ಇದು ನನ್ನ ಹುಕುಂ!”

ನಾನು ಕಂಡ ಸರ್ಕಾರಿ ಹುಕುಂಗಳಲ್ಲಿ ಜನ ಮರುಮಾತಿಲ್ಲದೆ ಪಾಲಿಸಿದ್ದು ಅದೊಂದೇ. ಮಿಡಿಗೇಶಿ ಕಾಣುತ್ತದೆ ಎಂದು ನಾನು ಹೇಳಿದ್ದೇ ತಡ, ಸಿದ್ದಗಂಗಮ್ಮ ಎಲ್ಲರನ್ನೂ ಕೋಲಿನಿಂದ ಸರಿಸಿ ಮುಂದೆ ನುಗ್ಗಿದರು. ಅದು ಅವರ ತವರು. ನೋಡಿ ಮೂವತ್ತು ವರ್ಷವಾಗಿತ್ತಂತೆ.

ಜನ ಮೇಲೆ ಹೋದರು. ನಾವು ಕೆಳಗೆ ಹೊರಟೆವು. ಬಾಗಿಲು ದಾಟಿದ ಮೇಲೆ ಮತ್ತೆ ಬರೀ ಬಂಡೆ. ಶಂಕರಲಿಂಗಪ್ಪನವರು ಅಳುಕುತ್ತಾ, “ಸ್ವಾಮಿ, ನನ್ನ ಸಮಜಾಯಿಷಿ...” ಎಂದರು.

“ಈಗ ನಾನೂ ಒಂದು ಕೊಡಬೇಕಾಗಿದೆ ಕಣಯ್ಯ, ತುಮಕೂರಿಗೆ. ಮೊದಲು ನನ್ನ ಕೆಳಗೆ ಇಳಿಸು” ಎಂದು ಅಮಲ್ದಾರರು ಒಂದು ಕಾಲು ಚಾಚಿದರು. ಗುಳಿ ಸಿಗಲಿಲ್ಲ. ಬಂಡೆಗೆ ಬೆನ್ನು ಅಂಟಿಸಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡುಬಿಟ್ಟರು. ಇಡೀ ತಾಲ್ಲೂಕಿಗೆ ಅಪ್ಪಣೆ ಕೊಡುವ ಮನುಷ್ಯನ ತುಟಿ ಅದುರುತ್ತಿತ್ತು.

ಎರಡು ಗುಳಿ ಕೆಳಗೆ ನಿಂತಿದ್ದ ಕಮಲಾಕ್ಷಿ ಅವರ ಪಾದವನ್ನು ಹಿಡಿದು ಜಾಗಕ್ಕೆ ಇಟ್ಟಳು.

“ಕಣ್ಣು ಬಿಡಿ ಸ್ವಾಮಿ, ಬೀಳಲ್ಲ,” ಎಂದಳು. “ನಮ್ಮಪ್ಪ ಹಿಡ್ಕೊಂಡಿದಾರೆ.”

ಅಮಲ್ದಾರರು ಕಣ್ಣು ಬಿಟ್ಟರು.